ಆರು ಅಡಿ ದಪ್ಪದ ಗೋಡೆ

ಮನೆಯ ಗೋಡೆ ಎಷ್ಟು ದಪ್ಪವಿರಬೇಕೆಂದು ಕೇಳಿದರೆ ನಮ್ಮ ಮೇಸ್ತ್ರಿಗಳು ಲೆಕ್ಕ ಹಾಕದೆಯೇ ಉತ್ತರ ಹೇಳಬಲ್ಲರು. ಒಂದಂತಸ್ತಿನ ಮನೆಗೆ ಒಂಬತ್ತು ಅಂಗುಲದ ಗೋಡೆ ಸಾಕು. ಮಹಡಿಗಳು ಏರಿದಂತೆಲ್ಲ ಕೆಳಗಿನ ಗೋಡೆ ದಪ್ಪವಾಗಬೇಕು. ಈ ಮಾತು ಎಲ್ಲರಿಗೂ ತಿಳಿದದ್ದೇ. ಆದರೆ ಹದಿನಾರು ಅಂತಸ್ತು ಏರಬೇಕಾದರೆ ಗೋಡೆ ಎಷ್ಟು ದಪ್ಪವಾದೀತು? ಮೂವತ್ತು ಅಂತಸ್ತು ಏರಬೇಕಾದರೆ? ಈ ಪ್ರಶ್ನೆಗೆ ಇಟ್ಟಿಗೆಯಲ್ಲಿಯೇ ಕೊಟ್ಟ ಉತ್ತರವೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ಷಿಕಾಗೋ ನಗರದಲ್ಲಿ ಇಂದಿಗೂ ನಿಂತಿದೆ. ಅದರ ಹೆಸರು ಮೊನಾಡ್ನಾಕ್ ಕಟ್ಟಡ.

ಷಿಕಾಗೋ ಪೇಟೆಯ ನಡುಭಾಗದಲ್ಲಿ, ಜ್ಯಾಕ್ಸನ್ ಬುಲೆವಾರ್ಡ್ ಡಿಯರ್‌ಬಾರ್ನ್ ಬೀದಿಯನ್ನು ಕೂಡುವೆಡೆ ಈ ಕಟ್ಟಡವಿದೆ. ಇದು ಅರಮನೆಯಲ್ಲ, ಚರ್ಚಲ್ಲ, ಸ್ಮಾರಕವೂ ಅಲ್ಲ. ವಕೀಲರು, ದಲ್ಲಾಳಿಗಳು, ವ್ಯಾಪಾರಸ್ಥರು ಬಾಡಿಗೆ ಕೊಟ್ಟು ಕಛೇರಿ ನಡೆಸಲೆಂದು ಕಟ್ಟಿದ ಕಟ್ಟಡ. ಹೊರಗಿನಿಂದ ನೋಡುವವರಿಗೆ ಒಂದೇ ಉದ್ದನೆಯ ಕಟ್ಟಡದಂತೆ ಕಾಣುವುದಾದರೂ ಇದರಲ್ಲಿ ಎರಡು ಭಾಗಗಳುಂಟು. ಉತ್ತರಾರ್ಧವು 1891ರಲ್ಲಿ ಮುಗಿಯಿತು, ದಕ್ಷಿಣಾರ್ಧವು 1893ರಲ್ಲಿ. ಎರಡರ ಎತ್ತರವೂ ಸುಮಾರಾಗಿ ಒಂದೇ. ಆದರೆ ಉತ್ತರಾರ್ಧದ ಹೊರಗೋಡೆಯು ಬುಡದಲ್ಲಿ ಆರು ಅಡಿ ದಪ್ಪವಿದ್ದು ಕಟ್ಟಡದ ಭಾರವನ್ನು ತಾನೇ ಹೊತ್ತು ನಿಂತಿದೆ. ದಕ್ಷಿಣಾರ್ಧದಲ್ಲಿ ಭಾರವನ್ನು ಹೊರುವುದು ಉಕ್ಕಿನ ಹಂದರ. ಅಲ್ಲಿಯ ಗೋಡೆ ಬರಿಯ ಹೊದಿಕೆ. ಎರಡೇ ವರ್ಷಗಳ ಅಂತರದಲ್ಲಿ, ಒಂದೇ ಮಾಲೀಕರು, ಒಂದೇ ನಿವೇಶನದಲ್ಲಿ ಹೀಗೇಕೆ ಎರಡು ಬಗೆಯಾಗಿ ಕಟ್ಟಿಸಿದರು? ಇದನ್ನು ಅರಿತುಕೊಂಡರೆ ಇಂದಿನ ಗಗನಚುಂಬಿಗಳ ಹುಟ್ಟನ್ನೇ ಅರಿತುಕೊಂಡಂತಾಗುವುದು.

ಬೆಂಕಿ, ಬಾಡಿಗೆ ಮತ್ತು ಲಿಫ್ಟು

1871ರ ಅಕ್ಟೋಬರ್ 8ರಂದು ಷಿಕಾಗೋ ನಗರಕ್ಕೆ ಬೆಂಕಿ ಬಿದ್ದಿತು. ಅಂದಿನ ನಗರದಲ್ಲಿ ಮರದ ಮನೆಗಳೇ ಹೆಚ್ಚು. ಕಾಲುದಾರಿಗಳು ಕೂಡ ಮರದವು. 10ನೆಯ ತಾರೀಖಿನವರೆಗೂ ಉರಿದ ಆ ಬೆಂಕಿಯಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಮುನ್ನೂರರಷ್ಟು ಜನ ಪ್ರಾಣ ಕಳೆದುಕೊಂಡರು. ಕಬ್ಬಿಣದ ಕಂಬಗಳಿದ್ದ ಕಟ್ಟಡಗಳೂ ಉಳಿಯಲಿಲ್ಲ. ಕಬ್ಬಿಣ ಉರಿಯುವುದಿಲ್ಲ, ನಿಜ. ಆದರೆ ಬಿಸಿಯಾದಾಗ ಅದರ ಬಲ ಕುಂದುತ್ತದೆ. ಸುಮಾರು 550ರಿಂದ 600 ಡಿಗ್ರಿ ಸೆಂಟಿಗ್ರೇಡಿನಲ್ಲಿ ಉಕ್ಕು ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಮೈಮೇಲೆ ಹೊದಿಕೆಯಿಲ್ಲದ ಕಬ್ಬಿಣವನ್ನು ನಂಬಬಾರದೆಂಬ ಪಾಠವನ್ನು ನಗರವು ಅಂದು ಬಹಳ ಬೆಲೆ ತೆತ್ತು ಕಲಿಯಿತು.

ನಗರವು ಬೂದಿಯಿಂದೆದ್ದಿತು. ರೈಲುದಾರಿಗಳು ಅಲ್ಲಿಗೆ ಬಂದು ಕೂಡುತ್ತಿದ್ದುದರಿಂದ ವ್ಯಾಪಾರವು ಬಹು ಬೇಗ ಬೆಳೆಯಿತು. ಪೇಟೆಯ ನಡುವಿನ ನೆಲದ ಬೆಲೆಯೂ ಅದರೊಡನೆ ಏರಿತು. ನೆಲವನ್ನು ಅಗಲಿಸಲಾಗದು, ಆದುದರಿಂದ ಮೇಲಕ್ಕೆ ಏರುವುದೊಂದೇ ದಾರಿ. ಆದರೆ ಐದಾರು ಅಂತಸ್ತಿಗಿಂತ ಮೇಲೆ ಮೆಟ್ಟಿಲು ಹತ್ತಿ ಬರುವವರಾರು? ಈ ತೊಡಕನ್ನು ಬಿಡಿಸಿದುದು ಲಿಫ್ಟು. ಹಗ್ಗ ಕಡಿದರೂ ಪಂಜರವು ಬೀಳದಂತೆ ತಡೆಯುವ ಉಪಾಯವನ್ನು ಎಲಿಷಾ ಓಟಿಸ್ ಎಂಬಾತನು 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಜನರೆದುರಿಗೆ ಮಾಡಿ ತೋರಿಸಿದ್ದನು. ಲಿಫ್ಟು ಬಂದ ಮೇಲೆ ಬಾಡಿಗೆಯ ಲೆಕ್ಕವೇ ತಲೆಕೆಳಗಾಯಿತು. ಮೊದಲು ಮೇಲಿನ ಮಹಡಿಗೆ ಎಲ್ಲಕ್ಕಿಂತ ಕಡಿಮೆ ಬಾಡಿಗೆ; ಈಗ ಗಾಳಿ ಬೆಳಕು ಹೆಚ್ಚಾಗಿರುವ, ಬೀದಿಯ ಗದ್ದಲ ತಲುಪದ ಮೇಲಿನ ಮಹಡಿಗೇ ಬೇಡಿಕೆ.

ಬಾಸ್ಟನ್ನಿನ ಹಣವಂತರಾದ ಪೀಟರ್ ಬ್ರೂಕ್ಸ್ ಮತ್ತು ಷೆಪರ್ಡ್ ಬ್ರೂಕ್ಸ್ ಎಂಬ ಸಹೋದರರು ಈ ಬೇಡಿಕೆಯನ್ನು ಕಂಡು ಷಿಕಾಗೋದಲ್ಲಿ ಹಣ ಹೂಡಿದರು. ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಜಾನ್ ವೆಲ್‌ಬಾರ್ನ್ ರೂಟ್ ಎಂಬ ಜೊತೆಗಾರ ವಾಸ್ತುಶಿಲ್ಪಿಗಳಿಗೆ ಮೊನಾಡ್ನಾಕ್ ಕಟ್ಟಡದ ಕೆಲಸವನ್ನು ವಹಿಸಿದರು. ಬ್ರೂಕ್ಸ್ ಸಹೋದರರು ಲೆಕ್ಕಾಚಾರದ ಜನ. ಹೊರಗೆ ಚಾಚಿಕೊಂಡಿರುವ ಅಲಂಕಾರಗಳು ಬೇಡ, ಅವು ಕಟ್ಟಡಕ್ಕೆ ಬಲ ಕೊಡುವುದಿಲ್ಲ, ಅವುಗಳಲ್ಲಿ ಕೊಳೆ ಸೇರುತ್ತದೆ, ಪಾರಿವಾಳ ಗುಬ್ಬಿಗಳು ಗೂಡು ಮಾಡುತ್ತವೆ ಎಂದು ಪೀಟರ್ ಬ್ರೂಕ್ಸ್ ಕಾಗದ ಬರೆದನು. ಕಟ್ಟಡವನ್ನು ಇಟ್ಟಿಗೆಯಿಂದಲೇ ಕಟ್ಟಬೇಕೆಂಬುದೂ ಅವರ ಇಚ್ಛೆ. ರೂಟನು ಈ ನಿಬಂಧನೆಗಳನ್ನು ಒಪ್ಪಿಕೊಂಡು, ಅವುಗಳಿಂದಲೇ ಚೆಲುವನ್ನು ಹೊರಡಿಸಿದನು. ಬುಡದಲ್ಲಿ ಹೊರಕ್ಕೆ ಬಾಗಿ, ನಡುವೆ ನೇರವಾಗಿ ಏರಿ, ತಲೆಯಲ್ಲಿ ಮತ್ತೆ ಸ್ವಲ್ಪ ಹೊರಕ್ಕೆ ಬಾಗುವ ಆ ಗೋಡೆಯು ಪ್ರಾಚೀನ ಈಜಿಪ್ಟಿನ ದೇವಾಲಯಗಳ ದ್ವಾರಗೋಪುರವನ್ನು ನೆನಪಿಗೆ ತರುತ್ತದೆ. ಈ ಬಾಗುಗಳಿಗಾಗಿ ಬೇರೆ ಬೇರೆ ಆಕಾರದ ಇಟ್ಟಿಗೆಗಳನ್ನೇ ಅಚ್ಚು ಹಾಕಿಸಿ ಸುಡಿಸಬೇಕಾಯಿತು.

ಗೋಡೆಯ ಲೆಕ್ಕ

ಈಗ ಆರು ಅಡಿಯ ಪ್ರಶ್ನೆಗೆ ಬರೋಣ. ಉತ್ತರಾರ್ಧದ ಎತ್ತರ ಸುಮಾರು 215 ಅಡಿ, ಎಂದರೆ 66 ಮೀಟರು. ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪವಿರುವ ಇಟ್ಟಿಗೆಯ ಗೋಡೆಯೊಂದು ಅಷ್ಟೆತ್ತರ ಏರಿದೆಯೆಂದು ಭಾವಿಸೋಣ. ಅದರಲ್ಲಿ ಒಂದು ಚದರ ಸೆಂಟಿಮೀಟರು ಬುಡವಿರುವ ಒಂದು ಕಡ್ಡಿಯನ್ನು ಮನಸ್ಸಿನಲ್ಲಿಯೇ ಕತ್ತರಿಸಿ ತೆಗೆಯೋಣ. ಅದರ ಉದ್ದ 6600 ಸೆಂಟಿಮೀಟರು. ಗಾತ್ರ 6600 ಘನ ಸೆಂಟಿಮೀಟರು. ಇಟ್ಟಿಗೆಯ ಕಟ್ಟಡವು ಘನ ಸೆಂಟಿಮೀಟರಿಗೆ ಸುಮಾರು 1.9 ಗ್ರಾಂ ತೂಗುವುದರಿಂದ ಆ ಕಡ್ಡಿಯ ತೂಕ ಹನ್ನೆರಡೂವರೆ ಕಿಲೋಗ್ರಾಂ. ಬುಡದ ಇಟ್ಟಿಗೆಯ ಒಂದೊಂದು ಚದರ ಸೆಂಟಿಮೀಟರೂ ಹೊರಬೇಕಾದ ಭಾರವೇ ಇದು. ಚೆನ್ನಾಗಿ ಬೆಂದ ಇಟ್ಟಿಗೆಯೊಂದು ಪುಡಿಯಾಗಬೇಕಾದರೆ ಚದರ ಸೆಂಟಿಮೀಟರಿಗೆ ನೂರು ಕಿಲೋಗ್ರಾಮಿಗೂ ಮೀರಿದ ಭಾರ ಬೇಕು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಗೋಡೆ ತನ್ನ ಭಾರಕ್ಕೇ ಪುಡಿಯಾಗುವ ಭಯವಿಲ್ಲ. ಎರಡನೆಯದು, ಈ ಲೆಕ್ಕದಲ್ಲಿ ಗೋಡೆಯ ದಪ್ಪವು ಎಲ್ಲಿಯೂ ಬರಲೇ ಇಲ್ಲ! ಒಂದಡಿಯ ಗೋಡೆಯಾಗಲಿ ಹತ್ತಡಿಯ ಗೋಡೆಯಾಗಲಿ, ದಪ್ಪ ಒಂದೇ ಸಮನಾಗಿದ್ದರೆ ಬುಡದ ಒತ್ತಡವೂ ಒಂದೇ. ದಪ್ಪವಾದಷ್ಟೂ ಹೊರುವ ಜಾಗ ಹೆಚ್ಚುತ್ತದೆ. ಹೊರಬೇಕಾದ ಭಾರವೂ ಅಷ್ಟೇ ಹೆಚ್ಚುತ್ತದೆ. ಹಾಗಾದರೆ ಆರು ಅಡಿ ಏತಕ್ಕೆ?

ಗೋಡೆಯು ತನ್ನ ಭಾರವನ್ನಷ್ಟೇ ಹೊರುವುದಿಲ್ಲವೆಂಬುದೇ ಇದಕ್ಕೆ ಉತ್ತರ. ಹದಿನಾರು ಅಂತಸ್ತಿನ ನೆಲಗಳು, ಅವುಗಳ ಮೇಲಿನ ಜನ, ಮೇಜು, ಕಬ್ಬಿಣದ ಪೆಟ್ಟಿಗೆಗಳು, ಇವೆಲ್ಲದರ ಭಾರದಲ್ಲಿ ಒಂದು ಪಾಲನ್ನು ಅದು ಹೊರಬೇಕು. ಬೆಳಕಿಗಾಗಿ ಕಿಟಕಿಗಳನ್ನು ತೆರೆದಾಗ ಹೊರುವ ಜಾಗ ಕಡಿಮೆಯಾಗುತ್ತದೆ. ಉಳಿದ ಭಾಗವು ಕಿಟಕಿಯ ಮೇಲಿನ ಭಾರವನ್ನೂ ವಹಿಸಿಕೊಳ್ಳಬೇಕು. ಇಟ್ಟಿಗೆ ಗಟ್ಟಿಯಾದರೂ ಇಟ್ಟಿಗೆ ಗಾರೆಗಳು ಕೂಡಿದ ಗೋಡೆ ಅಷ್ಟು ಗಟ್ಟಿಯಲ್ಲ. ಇದಲ್ಲದೆ, ತೆಳುವಾದ ಎತ್ತರದ ಗೋಡೆಯು ನಿಲ್ಲಿಸಿದ ಕಾಗದದ ಹಾಳೆಯಂತೆ ನಡುವೆ ಬಳುಕುತ್ತದೆ. ಈ ಎಲ್ಲವನ್ನೂ ಎಣಿಸಿ ಅಂದಿನ ಕಟ್ಟಡಗಾರರು ಒಂದು ವಾಡಿಕೆಯನ್ನಿಟ್ಟುಕೊಂಡಿದ್ದರು: ಒಂದು ಅಂತಸ್ತಿಗೆ 12 ಅಂಗುಲ, ಅದರ ಮೇಲೆ ಏರುವ ಪ್ರತಿಯೊಂದು ಅಂತಸ್ತಿಗೂ ಬುಡದಲ್ಲಿ ಇನ್ನು 4 ಅಂಗುಲ. ಹದಿನಾರು ಅಂತಸ್ತಿಗೆ 12ರ ಮೇಲೆ ಹದಿನೈದು ನಾಲ್ಕಲಿ ಅರವತ್ತು, ಒಟ್ಟು 72 ಅಂಗುಲ. ಅದೇ ಆರು ಅಡಿ.

ಇದೇ ವಾಡಿಕೆಯಂತೆ ಮೂವತ್ತು ಅಂತಸ್ತು ಕಟ್ಟಿದರೆ ಬುಡದ ಗೋಡೆ 128 ಅಂಗುಲವಾಗುವುದು. ಮೊನಾಡ್ನಾಕ್ ಕಟ್ಟಡದ ಅಗಲ ಸುಮಾರು 66 ಅಡಿ. ಎರಡು ಪಕ್ಕದ ಗೋಡೆಗಳೇ 21 ಅಡಿಗಿಂತ ಹೆಚ್ಚು ನುಂಗಿದರೆ, ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವ ನೆಲದಂತಸ್ತಿನಲ್ಲಿ ಅಗಲದ ಮೂರನೆಯ ಒಂದು ಪಾಲು ಇಟ್ಟಿಗೆಯ ಪಾಲಾಯಿತು! ಇಷ್ಟೇ ಅಲ್ಲ. ಹದಿನಾರು ಅಂತಸ್ತಿನ ಗೋಡೆಯ ಸರಾಸರಿ ದಪ್ಪ 42 ಅಂಗುಲ. ಮೂವತ್ತು ಅಂತಸ್ತಿನದು 70 ಅಂಗುಲ. ದಪ್ಪವನ್ನು ಎತ್ತರದಿಂದ ಗುಣಿಸಿ ನೋಡಿದರೆ, ಎತ್ತರವು ಎರಡರಷ್ಟೂ ಆಗದಿರುವಾಗ ಬೇಕಾಗುವ ಇಟ್ಟಿಗೆಯು ಮೂರರಷ್ಟಾಗುತ್ತದೆ. ಇಟ್ಟಿಗೆಯ ಗೋಡೆಗೆ ಮಿತಿಯೊಡ್ಡುವುದು ಅದರ ದೌರ್ಬಲ್ಯವಲ್ಲ, ಅದರ ಹೊಟ್ಟೆಬಾಕತನ.

ಕೆಸರಿನ ಮೇಲೆ ಬೆಟ್ಟ

ಈ ಭಾರವನ್ನೆಲ್ಲ ಕೊನೆಗೆ ಹೊರಬೇಕಾದುದು ಭೂಮಿ. ಷಿಕಾಗೋ ನಗರವು ಮಿಷಿಗನ್ ಸರೋವರದ ದಂಡೆಯಲ್ಲಿ ಜೇಡಿಮಣ್ಣಿನ ಮೇಲೆ ಕುಳಿತಿದೆ. ಗಟ್ಟಿ ಬಂಡೆ ಸಿಗಬೇಕಾದರೆ ಸುಮಾರು ನೂರು ಅಡಿ ಇಳಿಯಬೇಕು. ಈ ಜೇಡಿಯು ಚದರ ಸೆಂಟಿಮೀಟರಿಗೆ ಒಂದೂವರೆಯಿಂದ ಎರಡು ಕಿಲೋಗ್ರಾಂ ಭಾರವನ್ನು ಹೊತ್ತೀತೆಂದು ಅಂದಿನ ಎಂಜಿನಿಯರುಗಳು ಎಣಿಸಿದ್ದರು. ನಾವು ಮೇಲೆ ಕಂಡ ಗೋಡೆಯ ಒತ್ತಡ ಹನ್ನೆರಡೂವರೆ. ಆದುದರಿಂದ ಗೋಡೆಯ ಪಾದವನ್ನು ಏಳೆಂಟು ಪಟ್ಟು ಅಗಲಿಸದಿದ್ದರೆ ಅದು ಮಣ್ಣಿನೊಳಗೆ ಇಳಿದುಹೋಗುವುದು. ಕಲ್ಲಿನಿಂದ ಹೀಗೆ ಅಗಲಿಸಬೇಕಾದರೆ ಮೆಟ್ಟಿಲು ಮೆಟ್ಟಿಲಾದ ದೊಡ್ಡ ಗೋಪುರವನ್ನೇ ನೆಲದೊಳಗೆ ಕಟ್ಟಬೇಕು. ನೆಲಮಾಳಿಗೆಯೆಲ್ಲ ಅದರಿಂದಲೇ ತುಂಬಿಹೋಗುತ್ತದೆ.

ರೂಟನು 1882ರಲ್ಲಿ ಮೊಂಟಾಕ್ ಎಂಬ ಹತ್ತಂತಸ್ತಿನ ಕಟ್ಟಡಕ್ಕಾಗಿ ಇದಕ್ಕೊಂದು ಉಪಾಯವನ್ನು ಹೂಡಿದ್ದನು. ರೈಲು ಕಂಬಿಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆ ಅಡ್ಡವಾಗಿ ಇನ್ನೊಂದು ಸಾಲನ್ನಿಟ್ಟು, ಎಲ್ಲವನ್ನೂ ಕಾಂಕ್ರೀಟಿನಲ್ಲಿ ಹುದುಗಿಸಿದನು. ಉಕ್ಕು ಬಾಗುವಿಕೆಯನ್ನು ತಡೆದುಕೊಳ್ಳುವುದರಿಂದ ತೆಳುವಾದ ಪಾದವೇ ಬಹಳ ಅಗಲಕ್ಕೆ ಭಾರವನ್ನು ಹಂಚಿತು. ಮೊನಾಡ್ನಾಕ್ ಕಟ್ಟಡವೂ ಇಂತಹ ಉಕ್ಕು ಕಾಂಕ್ರೀಟಿನ ತೆಪ್ಪದ ಮೇಲೆಯೇ ನಿಂತಿದೆ. ಆ ತೆಪ್ಪ ಗೋಡೆಯನ್ನು ದಾಟಿ ಬೀದಿಯ ಕೆಳಗೂ ಚಾಚಿಕೊಂಡಿದೆ.

ತೆಪ್ಪವೆಂದ ಮೇಲೆ ಸ್ವಲ್ಪ ಮುಳುಗಲೇಬೇಕಷ್ಟೆ. ಕಟ್ಟಡವು 8 ಅಂಗುಲ ಕುಸಿಯುವುದೆಂದು ಮೊದಲೇ ಎಣಿಸಿ ಅದಕ್ಕೆ ತಕ್ಕಂತೆ ಕಟ್ಟಿದ್ದರು. ಆದರೆ ಕುಸಿತವು ಅಷ್ಟಕ್ಕೇ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ಅದು ಸುಮಾರು 20 ಅಂಗುಲವನ್ನು ಮುಟ್ಟಿತ್ತು. ಇದೇಕೆ ಹೀಗಾಯಿತು? ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೇಲೊಂದು ಗುಂಡುಕಲ್ಲನ್ನಿಟ್ಟರೆ ನೀರು ಒಮ್ಮೆಗೇ ಹೊರಡುವುದಿಲ್ಲ. ಗಂಟೆಗಟ್ಟಲೆ ತೊಟ್ಟಿಕ್ಕುತ್ತಲೇ ಇರುತ್ತದೆ, ಮೊಸರು ಕುಗ್ಗುತ್ತಲೇ ಇರುತ್ತದೆ. ಜೇಡಿಮಣ್ಣಿನ ಸೂಕ್ಷ್ಮ ಕಣಗಳ ನಡುವಿನ ನೀರೂ ಹೀಗೆಯೇ. ಅದು ಹೊರಬರುವ ದಾರಿ ಎಷ್ಟು ಇಕ್ಕಟ್ಟೆಂದರೆ ಕುಗ್ಗುವಿಕೆಯು ವರ್ಷಗಟ್ಟಲೆ, ದಶಕಗಟ್ಟಲೆ ನಡೆಯುತ್ತದೆ. ಈ ಕ್ರಿಯೆಗೆ ಸರಿಯಾದ ಗಣಿತವನ್ನು ಒದಗಿಸಿದವನು ಕಾರ್ಲ್ ಟೆರ್ಜಾಗಿ. ಮಣ್ಣಿನ ಬಲಶಾಸ್ತ್ರವನ್ನು ಕುರಿತ ಆತನ ಪ್ರಸಿದ್ಧ ಗ್ರಂಥ 1925ರಲ್ಲಿ ಹೊರಬಂದಿತು. ಮೊನಾಡ್ನಾಕ್ ಕಟ್ಟಿದವರಿಗೆ ಆ ಶಾಸ್ತ್ರವಿರಲಿಲ್ಲ; ಅನುಭವವೊಂದೇ ಇದ್ದಿತು. 1938ರ ತರುವಾಯ ಷಿಕಾಗೋದಲ್ಲಿ ನೆಲದೊಳಗಿನ ರೈಲುದಾರಿ ತೋಡುವಾಗ ಟೆರ್ಜಾಗಿಯೇ ಸಲಹೆಗಾರನಾಗಿ ಬಂದನು. ಆತನೊಡನೆ ದುಡಿದ ರಾಲ್ಫ್ ಪೆಕ್ ಅಲ್ಲಿನ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದನು. ಆ ರೈಲುದಾರಿ ಡಿಯರ್‌ಬಾರ್ನ್ ಬೀದಿಯ ಕೆಳಗೇ ಹಾದುದರಿಂದ, ಮೊನಾಡ್ನಾಕ್ ಕಟ್ಟಡದ ಪೂರ್ವದ ಗೋಡೆಗೆ ಗಟ್ಟಿನೆಲದವರೆಗೆ ಇಳಿಯುವ ಹೊಸ ಕಂಬಗಳ ಆಸರೆ ಕೊಡಬೇಕಾಯಿತು.

ಗಾಳಿಯ ತಳ್ಳಾಟ

ಎತ್ತರದ ಕಟ್ಟಡಕ್ಕೆ ಇನ್ನೊಂದು ಶತ್ರು ಗಾಳಿ. ನೆಲದಲ್ಲಿ ಹೂತ ಕೋಲನ್ನು ಪಕ್ಕದಿಂದ ತಳ್ಳಿದರೆ ಬುಡದಲ್ಲಿ ಬಾಗುವಂತೆ ಗಾಳಿಯು ಕಟ್ಟಡವನ್ನು ಬಾಗಿಸಲು ನೋಡುತ್ತದೆ. ಗಾಳಿ ಎಲ್ಲ ಎತ್ತರದಲ್ಲಿಯೂ ಒಂದೇ ಸಮನಾಗಿ ತಳ್ಳುವುದೆಂದು ಇಟ್ಟುಕೊಂಡರೂ, ಎತ್ತರ ಎರಡರಷ್ಟಾದರೆ ಬುಡವನ್ನು ಬಾಗಿಸುವ ಪ್ರಯತ್ನ ನಾಲ್ಕರಷ್ಟಾಗುತ್ತದೆ. ಇಟ್ಟಿಗೆಯ ಗೋಡೆಯನ್ನು ಅದುಮಬಹುದು, ಆದರೆ ಎಳೆಯಲಾಗದು. ಎಳೆದರೆ ಗಾರೆಯ ಸಂದು ಬಿರಿಯುತ್ತದೆ. ಇಲ್ಲಿ ಗೋಡೆಯ ಭಾರವೇ ಉಪಕಾರಿ. ಗಾಳಿ ಒಂದು ಪಕ್ಕವನ್ನು ಮೇಲಕ್ಕೆ ಎಳೆಯಲು ನೋಡಿದರೂ ಭಾರವು ಅದನ್ನು ಸದಾ ಅದುಮಿ ಹಿಡಿದಿರುತ್ತದೆ. ಆದರೂ ಇಷ್ಟು ಕಿರಿದಾದ ಕಟ್ಟಡಕ್ಕೆ ಭಾರವೊಂದೇ ಸಾಲದೆಂದು ರೂಟನು ಒಳಗೆ ಕಬ್ಬಿಣದ ಕಂಬಗಳನ್ನೂ ಉಕ್ಕಿನ ತೊಲೆಗಳನ್ನೂ ಬಾಗಿಲ ಚೌಕಟ್ಟಿನಂತೆ ಬಿಗಿಯಾಗಿ ಬೆಸೆದು ಅಡ್ಡಬಲವನ್ನು ಕೊಟ್ಟನು. ಹಳೆಯ ಪದ್ಧತಿಯ ಈ ಗೋಡೆಯ ಬೆನ್ನಿಗೆ ಹೊಸ ಪದ್ಧತಿಯ ಲೋಹವು ಆಗಲೇ ಬಂದು ನಿಂತಿತ್ತು.

ಲೋಹದ ಇನ್ನೊಂದು ಬೆಡಗನ್ನು ಇಲ್ಲಿಯ ಮೆಟ್ಟಿಲುಗಳಲ್ಲಿ ಕಾಣಬಹುದು. ವಿದ್ಯುತ್ತಿನಿಂದ ಅಲ್ಯುಮಿನಿಯಂ ಲೋಹವನ್ನು ಬೇರ್ಪಡಿಸುವ ವಿಧಾನವನ್ನು ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ತರುಣರು, ಒಬ್ಬರನ್ನೊಬ್ಬರು ಅರಿಯದೆ, 1886ರಲ್ಲಿ ಕಂಡುಹಿಡಿದಿದ್ದರು. ಅದುವರೆಗೆ ಬೆಲೆಬಾಳುವ ಲೋಹವಾಗಿದ್ದ ಅಲ್ಯುಮಿನಿಯಂ ಐದೇ ವರ್ಷಗಳಲ್ಲಿ ಈ ಕಟ್ಟಡದ ಮೆಟ್ಟಿಲುಗಳ ಅಲಂಕಾರಕ್ಕೆ ಬಂದಿತು. ಕಟ್ಟಡಗಳಲ್ಲಿ ಆ ಲೋಹವನ್ನು ಬಳಸಿದ ಮೊದಮೊದಲ ನಿದರ್ಶನಗಳಲ್ಲಿ ಇದೊಂದು.

ದಕ್ಷಿಣಾರ್ಧ

ಕಟ್ಟಡ ಮುಗಿಯುವ ಮೊದಲೇ, 1891ರ ಜನವರಿ 15ರಂದು, ರೂಟನು ಶ್ವಾಸಕೋಶದ ಉರಿಯೂತದಿಂದ ತೀರಿಕೊಂಡನು. ಆಗ ಅವನಿಗೆ 41 ವರ್ಷ. ಜೊತೆಗಾರನಾದ ಬರ್ನ್‌ಹ್ಯಾಮನ ಮೇಲೆ 1893ರ ವಿಶ್ವ ಪ್ರದರ್ಶನದ ಕಟ್ಟಡಗಳ ಹೊಣೆ ಬಿದ್ದಿತು. ಆ ಪ್ರದರ್ಶನದ ಅಂಗವಾಗಿ ಸೇರಿದ ಸರ್ವಧರ್ಮ ಸಮ್ಮೇಲನದಲ್ಲಿಯೇ ಸ್ವಾಮಿ ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಮಾತನಾಡಿದುದು. ಸಮ್ಮೇಲನ ನಡೆದ ಕಲಾಭವನವು ಮೊನಾಡ್ನಾಕ್ ಕಟ್ಟಡದಿಂದ ಕೆಲವೇ ಬೀದಿಗಳ ಆಚೆ ಇದೆ.

ದಕ್ಷಿಣಾರ್ಧದ ಕೆಲಸವು ವಿಲಿಯಂ ಹೊಲಬರ್ಡ್ ಮತ್ತು ಮಾರ್ಟಿನ್ ರೋಷ್ ಎಂಬ ವಾಸ್ತುಶಿಲ್ಪಿಗಳಿಗೆ ಬಂದಿತು. ಇಬ್ಬರೂ ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬಾತನ ಕಛೇರಿಯಲ್ಲಿ ಕೆಲಸ ಕಲಿತವರು. ಜೆನ್ನಿಯು ಹೋಮ್ ಇನ್ಷೂರೆನ್ಸ್ ಕಟ್ಟಡದಲ್ಲಿ ಗೋಡೆಯ ಭಾರವನ್ನೂ ಬಹುಮಟ್ಟಿಗೆ ಲೋಹದ ಹಂದರಕ್ಕೇ ವಹಿಸಿದ್ದನು. ಹತ್ತಂತಸ್ತಿನ ಆ ಕಟ್ಟಡ 1885ರಲ್ಲಿ ಮುಗಿದಿತ್ತು. ಬೆಸಿಮರನ ಕುಲುಮೆಯಿಂದಾಗಿ ಉಕ್ಕು ಅಗ್ಗವಾಗಿತ್ತು. ಚದರ ಸೆಂಟಿಮೀಟರಿಗೆ ಹತ್ತು ಹದಿನೈದು ಕಿಲೋಗ್ರಾಂ ಭಾರವನ್ನಷ್ಟೇ ನಿಶ್ಚಿಂತೆಯಿಂದ ಇಟ್ಟಿಗೆಯ ಗೋಡೆಗೆ ಹೊರಿಸುವಲ್ಲಿ, ಉಕ್ಕಿಗೆ ಸಾವಿರ ಕಿಲೋಗ್ರಾಮಿಗೂ ಹೆಚ್ಚು ಹೊರಿಸಬಹುದು. ಒಂದು ಮೀಟರು ಚದರದ ಇಟ್ಟಿಗೆಯ ಕಂಬ ಮಾಡುವ ಕೆಲಸವನ್ನು ಹತ್ತು ಸೆಂಟಿಮೀಟರು ಚದರದಷ್ಟು ಉಕ್ಕು ಮಾಡಬಲ್ಲದು! ಅದು ಬಳುಕದಂತೆ ಪೆಟ್ಟಿಗೆಯ ಆಕಾರಕ್ಕೋ ತೊಲೆಯ ಆಕಾರಕ್ಕೋ ತಂದುಕೊಂಡರಾಯಿತು. ಬೆಂಕಿಯ ಭಯಕ್ಕೂ ಉಪಾಯ ಸಿಕ್ಕಿತ್ತು: ಸುಟ್ಟ ಮಣ್ಣಿನ ಪೊಳ್ಳು ಬಿಲ್ಲೆಗಳನ್ನು ಉಕ್ಕಿನ ಸುತ್ತ ಹೊದಿಸಿದರೆ ಬಿಸಿಯು ಒಳಗೆ ತಲುಪಲು ಬಹಳ ಹೊತ್ತು ಬೇಕಾಗುವುದು.

ಉಕ್ಕಿನ ಹಂದರದಲ್ಲಿ ಪ್ರತಿಯೊಂದು ಅಂತಸ್ತಿನ ಹೊರಗೋಡೆಯನ್ನೂ ಆಯಾ ಅಂತಸ್ತಿನ ತೊಲೆಯೇ ಹೊರುತ್ತದೆ. ಹದಿನೈದನೆಯ ಅಂತಸ್ತಿನ ಗೋಡೆಯ ಭಾರ ಕೆಳಗಿನ ಗೋಡೆಗೆ ತಗಲುವುದೇ ಇಲ್ಲ. ಆದುದರಿಂದ ಮೇಲಿನ ಗೋಡೆ ಎಷ್ಟೋ ಕೆಳಗಿನದೂ ಅಷ್ಟೇ ಸಾಕು. ಏಡಿಯ ಚಿಪ್ಪು ಅದರ ಮೈಗೆ ಆಧಾರ. ನಮ್ಮ ಮೈಗೆ ಆಧಾರ ಒಳಗಿನ ಎಲುಬು, ಚರ್ಮ ಬರಿಯ ಹೊದಿಕೆ. ಉತ್ತರಾರ್ಧದಿಂದ ದಕ್ಷಿಣಾರ್ಧಕ್ಕೆ ಹೋದಾಗ ಕಟ್ಟಡವು ಏಡಿಯ ಪದ್ಧತಿಯಿಂದ ನಮ್ಮ ಪದ್ಧತಿಗೆ ಬಂದಿದೆಯೆನ್ನಬಹುದು. ಮಾಲೀಕರಿಗೆ ಇದರಿಂದಾದ ಲಾಭ ಸ್ಪಷ್ಟ. ಭಾರ ಕಡಿಮೆ, ಖರ್ಚು ಕಡಿಮೆ, ಬಾಡಿಗೆಗೆ ಕೊಡುವ ಜಾಗ ಹೆಚ್ಚು, ಕಿಟಕಿಗಳು ದೊಡ್ಡವು. ಪೂರ್ತಿಯಾದಾಗ 1,200 ಕೋಣೆಗಳಿದ್ದ ಈ ಕಟ್ಟಡವು ಜಗತ್ತಿನ ಕಛೇರಿ ಕಟ್ಟಡಗಳಲ್ಲೆಲ್ಲ ದೊಡ್ಡದೆನಿಸಿತು. ಆದರೆ ಹೊರೆ ಹೊರುವ ಇಟ್ಟಿಗೆಯ ಗೋಡೆಯಿಂದ ಅಷ್ಟೆತ್ತರದ ಕಛೇರಿಯನ್ನು ಷಿಕಾಗೋದಲ್ಲಿ ಮತ್ತೆ ಯಾರೂ ಕಟ್ಟಲಿಲ್ಲ. ಗೆದ್ದುದು ಉಕ್ಕು.

ಉಳಿದುದು ಯಾವುದು?

ಅಂದಿನ ಎತ್ತರದ ಕಟ್ಟಡಗಳು ಉಳಿದವೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಮೊಂಟಾಕ್ ಕಟ್ಟಡವನ್ನು 1902ರಲ್ಲಿಯೇ ಕೆಡವಿದರು. ಜೆನ್ನಿಯ ಹೋಮ್ ಇನ್ಷೂರೆನ್ಸ್ ಕಟ್ಟಡವನ್ನು 1931ರಲ್ಲಿ ಕೆಡವಿದರು. ಬರ್ನ್‌ಹ್ಯಾಮ್ ಮತ್ತು ರೂಟರದೇ ಆದ ಇಪ್ಪತ್ತೊಂದು ಅಂತಸ್ತಿನ ಮೇಸಾನಿಕ್ ಟೆಂಪಲ್ 1939ರಲ್ಲಿ ಹೋಯಿತು. ಇವು ಬಿದ್ದುದು ಬಲ ಸಾಲದೆ ಅಲ್ಲ. ಆ ನೆಲದಲ್ಲಿ ಇನ್ನೂ ದೊಡ್ಡ ಕಟ್ಟಡ ಎದ್ದರೆ ಇನ್ನೂ ಹೆಚ್ಚು ಬಾಡಿಗೆ ಬರುವುದೆಂಬ ಲೆಕ್ಕದಿಂದ. ಮೊನಾಡ್ನಾಕ್ ಮಾತ್ರ ನಿಂತಿತು. 1938ರಲ್ಲಿ ಅದನ್ನು ಹೊಸ ಕಾಲಕ್ಕೆ ಹೊಂದುವಂತೆ ಮಾರ್ಪಡಿಸಿದರು. 1973ರಲ್ಲಿ ನಗರವು ಅದನ್ನು ರಕ್ಷಿತ ಕಟ್ಟಡವೆಂದು ಸಾರಿತು. 1979ರ ತರುವಾಯ ಬಂದ ಮಾಲೀಕರು, ಹಳೆಯ ನೆಲಹಾಸು, ದೀಪ, ಮೆಟ್ಟಿಲುಗಳನ್ನೆಲ್ಲ ಮೊದಲಿನಂತೆಯೇ ಮಾಡಿಸಿ, ಇಡೀ ಕಟ್ಟಡವನ್ನು ಹಂತ ಹಂತವಾಗಿ 1893ರ ರೂಪಕ್ಕೆ ತಂದರು. ಕಟ್ಟಿದ ಉದ್ದೇಶಕ್ಕೇ ಅದು ಇಂದಿಗೂ ಬಳಕೆಯಾಗುತ್ತಿದೆ.

ಮೊನಾಡ್ನಾಕ್ ಎಂಬುದು ನಿಜವಾಗಿ ನ್ಯೂ ಹ್ಯಾಂಪ್‌ಷೈರಿನ ಒಂದು ಬೆಟ್ಟದ ಹೆಸರು. ಸುತ್ತಲಿನ ನೆಲವೆಲ್ಲ ಮಳೆಗಾಳಿಗಳಿಂದ ಸವೆದು ಸಮತಟ್ಟಾದ ಮೇಲೆ, ಗಟ್ಟಿ ಶಿಲೆಯಾದುದರಿಂದ ಸವೆಯದೆ ಒಂಟಿಯಾಗಿ ಉಳಿದ ಗುಡ್ಡವನ್ನು ಭೂವಿಜ್ಞಾನಿಗಳು ಅದೇ ಹೆಸರಿನಿಂದ ಕರೆಯುತ್ತಾರೆ.

ಹೊರಗೋಡೆಗೆ ಕೆಲಸ ಕೊಡುವ ಹಳೆಯ ಯೋಚನೆಯೂ ಸತ್ತುಹೋಗಲಿಲ್ಲ. ಮೊನಾಡ್ನಾಕಿನಿಂದ ಅದೇ ಜ್ಯಾಕ್ಸನ್ ಬುಲೆವಾರ್ಡಿನಲ್ಲಿ ಪಶ್ಚಿಮಕ್ಕೆ ನಡೆದರೆ 110 ಅಂತಸ್ತಿನ, 442 ಮೀಟರು ಎತ್ತರದ ಗೋಪುರವೊಂದು ಸಿಗುತ್ತದೆ. 1970ರ ದಶಕದ ಮೊದಲಲ್ಲಿ ಕಟ್ಟಿದಾಗ ಅದರ ಹೆಸರು ಸಿಯರ್ಸ್ ಟವರ್. 2009ರಿಂದ ವಿಲ್ಲಿಸ್ ಟವರ್. ಅದರ ಹಂದರವನ್ನು ರೂಪಿಸಿದವರು ಢಾಕಾದಲ್ಲಿ 1929ರಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್. ಅಷ್ಟೆತ್ತರಕ್ಕೆ ಒಳಗಿನ ಕಂಬಗಳನ್ನೇ ನಂಬಿದರೆ ಗಾಳಿಯನ್ನು ತಡೆಯಲು ಉಕ್ಕು ಬಹಳ ಬೇಕಾಗುವುದೆಂದು ಅವರು ಕಂಡರು. ಆದುದರಿಂದ ಕಂಬಗಳನ್ನು ಹೊರಮೈಗೆ ತಂದು ಒತ್ತಾಗಿ ನಿಲ್ಲಿಸಿ, ಬಿದಿರಿನ ಬೊಂಬಿನಂತೆ ಹೊರಗಿನ ಸುತ್ತೇ ಗಾಳಿಯನ್ನು ಎದುರಿಸುವಂತೆ ಮಾಡಿದರು. ಇಂತಹ ಒಂಬತ್ತು ಚೌಕ ಬೊಂಬುಗಳ ಕಟ್ಟೇ ಆ ಗೋಪುರ. ಹೊರಗೋಡೆಗೆ ಮತ್ತೆ ಕೆಲಸ ಬಂದಿತು. ಆದರೆ ಈ ಬಾರಿ ಇಟ್ಟಿಗೆಯ ಹಸಿವು ಇಲ್ಲದೆ.

ಶಾಸ್ತ್ರದ ಬೆಳವಣಿಗೆಯಲ್ಲಿ ಹಳೆಯದು ತಪ್ಪಾಗಿತ್ತು, ಹೊಸದು ಸರಿಯಾಯಿತು ಎಂದು ಹೇಳುವುದು ಸುಲಭ. ಮೊನಾಡ್ನಾಕ್ ಕಟ್ಟಡ ಹಾಗೆ ಹೇಳಲು ಬಿಡುವುದಿಲ್ಲ. ರೂಟನ ಗೋಡೆ ತಪ್ಪಾಗಿರಲಿಲ್ಲ. ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಅದು ಕೆಸರಿನ ಮೇಲೆ, ಗಾಳಿಯ ಎದುರಿಗೆ ನಿಂತೇ ಇದೆ. ಅದು ತನ್ನ ಪದ್ಧತಿಯ ಕೊನೆಯ ಮೆಟ್ಟಿಲನ್ನು ತಲುಪಿತ್ತು, ಅಷ್ಟೆ. ಆ ಮೆಟ್ಟಿಲು ಎಲ್ಲಿದೆಯೆಂದು ಲೆಕ್ಕ ಹಾಕಿ ತಿಳಿಯುವುದು, ತಿಳಿದ ಮೇಲೆ ಬೇರೆ ಏಣಿಯನ್ನು ಹುಡುಕುವುದು, ಇವೆರಡೂ ಎಂಜಿನಿಯರನ ಕೆಲಸವೇ. ಆ ಎರಡೂ ಕೆಲಸಗಳು ಷಿಕಾಗೋದ ಆ ಬೀದಿಯಲ್ಲಿ ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿವೆ.